ಸಿಟಿ ಸ್ಕ್ಯಾನ್‌ಗೆ ಮೊದಲು ಬೆರಳು ಚುಚ್ಚಿ

ನಾನು ಪಿಜಿ ಮಾಡುತ್ತಿದ್ದಾಗ ಕ್ಯಾಷುವಾಲ್ಟಿಗೆ ಒಬ್ಬ ಅಜ್ಜನನ್ನು ಕರೆತಂದರು. ಬಲಗೈ, ಬಲಗಾಲು ಆಡುತ್ತಿಲ್ಲ, ಮಾತು ತೊದಲು. ಸ್ಟ್ರೋಕ್ ಅಂದುಕೊಂಡು ಸಿಟಿಗೆ ಬರೆದೆ. ಟ್ರಾಲಿ ಹೊರಡುವಾಗ ಸಿಸ್ಟರ್ ಕೇಳಿದರು, "ಡಾಕ್ಟ್ರೇ, ಜಿಆರ್‌ಬಿಎಸ್ ನೋಡಿದ್ರಾ?" ನೋಡಿರಲಿಲ್ಲ. ಬೆರಳು ಚುಚ್ಚಿ ನೋಡಿದರೆ ರಕ್ತದ ಸಕ್ಕರೆ ಬರೀ 32 ಇತ್ತು. 25 ಪರ್ಸೆಂಟ್ ಡೆಕ್ಸ್ಟ್ರೋಸ್ (ಗ್ಲೂಕೋಸ್ ದ್ರಾವಣ) 100 ಎಂಎಲ್ ಹೋದ ಸ್ವಲ್ಪ ಹೊತ್ತಿಗೆ ಅಜ್ಜ ಮೀಸೆ ಒರೆಸಿಕೊಂಡರು. ಅದೇ ಬಲಗೈಯಲ್ಲಿ!

ಈಗ ಈ ಪಾಠ, ಅಂದರೆ ಶುಗರ್ ತೀರಾ ಇಳಿಯುವ ಹೈಪೊಗ್ಲೈಸೀಮಿಯ ಕಲಿಸುವುದು, ನನ್ನ ಪಾಲಿಗೆ ಬಂದಿದೆ. ಮೊದಮೊದಲು ಸ್ಲೈಡ್ ಹಾಕುತ್ತಿದ್ದೆ. 70ಕ್ಕಿಂತ ಕೆಳಗೆ ಎಚ್ಚರ, 54ಕ್ಕಿಂತ ಕೆಳಗೆ ಗಂಭೀರ, ಆಮೇಲೆ ವಿಪಲ್ ಟ್ರಯಾಡ್ (ಲಕ್ಷಣ ಇದೆ, ಆಗ ಶುಗರ್ ಕಮ್ಮಿ ಇದೆ, ಶುಗರ್ ಏರಿಸಿದರೆ ಲಕ್ಷಣ ಮಾಯ). ವೈವಾದಲ್ಲಿ ಎಲ್ಲರೂ ಗಿಳಿಪಾಠ ಒಪ್ಪಿಸುತ್ತಿದ್ದರು. ಆದರೆ ಕೇಸಿನಲ್ಲಿ "ಕುಡಿದು ಗಲಾಟೆ ಮಾಡುತ್ತಿದ್ದಾನೆ" ಅಂತ ಇದ್ದರೆ ಒಬ್ಬರಿಗೂ ಶುಗರ್ ನೆನಪಾಗುತ್ತಿರಲಿಲ್ಲ.

ಸ್ಲೈಡ್ ಬಿಟ್ಟೆ. ಈಗ ಒಬ್ಬ ಇಂಟರ್ನ್ ರೋಗಿ, ಇನ್ನೊಬ್ಬಳು ಮಗಳು. ರೋಗಿಯ ಅಂಗಿಗೆ ನೀರು ಚಿಮುಕಿಸಿರುತ್ತೇನೆ. ಬೀಟಾ ಬ್ಲಾಕರ್ (ಬಿಪಿ, ಹೃದಯದ ಮಾತ್ರೆ) ತಗೊಳ್ಳುವವರಲ್ಲಿ ನಡುಕ, ಎದೆಬಡಿತ ಕಾಣದೇ ಹೋಗಬಹುದು, ಬೆವರು ಮಾತ್ರ ಕಾಣುತ್ತದೆ. ಮಗಳು ಹೇಳುವುದು ಇಷ್ಟೇ: "ಬೆಳಗ್ಗೆಯಿಂದ ಒಂಥರಾ ಆಡ್ತಿದ್ದಾರೆ." ನಾನು ಸುಮ್ನೆ ಕೂತು, ಗ್ಲೂಕೋಮೀಟರ್ ಕೈಗೆ ಬರಲು ಎಷ್ಟು ನಿಮಿಷ ಹಿಡಿಯಿತು ಅಂತ ಬರೆದುಕೊಳ್ಳುತ್ತೇನೆ. ಒಂದು ತುಂಟಾಟವೂ ಉಂಟು. ರೋಗಿಯ ಬೆರಳಿಗೆ ಮೊದಲೇ ಬೆಲ್ಲ ಸವರಿರುತ್ತೇನೆ. ಕೈ ತೊಳೆಸದೆ ಚುಚ್ಚಿದರೆ ಮೀಟರ್ ಸುಳ್ಳು ಹೇಳುತ್ತದೆ, ಜಾಸ್ತಿ ತೋರಿಸುತ್ತದೆ. ಒಮ್ಮೆ ಮೋಸ ಹೋದವರು ಮರೆಯುವುದಿಲ್ಲ.

ಎಚ್ಚರವಿದ್ದು ನುಂಗಲು ಆಗುವವರಿಗೆ 15 ಗ್ರಾಂ ಗ್ಲೂಕೋಸ್, 15 ನಿಮಿಷ ಬಿಟ್ಟು ಮತ್ತೆ ಟೆಸ್ಟ್. ಇದನ್ನು ಬಾಯಲ್ಲಿ ಹೇಳಿಸುವುದಿಲ್ಲ. ಲೋಟ, ಚಮಚ ಕೊಟ್ಟು ಮೂರು ಟೀ ಚಮಚ ಸಕ್ಕರೆ ಕರಗಿಸಲು ಹೇಳುತ್ತೇನೆ. ವೋಗ್ಲಿಬೋಸ್ ಅನ್ನೋ ಶುಗರ್ ಮಾತ್ರೆ ತಗೊಳ್ಳುವವರಿಗಾದರೆ ಸಕ್ಕರೆ ಬೇಗ ಕೆಲಸ ಮಾಡುವುದಿಲ್ಲ, ಗ್ಲೂಕೋಸ್ ಪುಡಿಯೇ ಆಗಬೇಕು. ಪ್ರಜ್ಞೆ ಇಲ್ಲದವರ ಬಾಯಿಗೆ ಏನೂ ಹಾಕುವಂತಿಲ್ಲ. ಅಷ್ಟರಲ್ಲಿ ಮಗಳು ರೇಗುತ್ತಾಳೆ, "ಶುಗರ್ ಇರೋರಿಗೆ ಸಕ್ಕರೆ ಕೊಡ್ತೀರಾ?" ಅವಳಿಗೆ ತಿಳಿಸಿ ಹೇಳುವುದಕ್ಕೂ ಮಾರ್ಕ್ಸ್ ಇದೆ.

ನನಗೆ ತಲೆನೋವಾಗಿದ್ದು ರೋಗಿ ಎದ್ದು ಕೂತ ಮೇಲಿನ ಕಥೆ. ಎದ್ದ, ಮಾತಾಡಿದ, ಸರಿ ಮನೆಗೆ ಕಳಿಸಿ! ಯಾವ ಮಾತ್ರೆ ಅಂತ ಯಾರೂ ಕೇಳಿರುವುದಿಲ್ಲ. ಗ್ಲಿಬೆನ್‌ಕ್ಲಮೈಡ್, ಗ್ಲಿಮೆಪಿರೈಡ್ ಥರದ ಶುಗರ್ ಮಾತ್ರೆ ನುಂಗಿದ ವಯಸ್ಸಾದವರಿಗೆ, ಅದರಲ್ಲೂ ಕಿಡ್ನಿ ವೀಕಾಗಿದ್ದರೆ, ಡೆಕ್ಸ್ಟ್ರೋಸ್ ಖರ್ಚಾದ ಮೇಲೆ ಶುಗರ್ ಮತ್ತೆ ಇಳಿಯುತ್ತದೆ. ಕಡೇಪಕ್ಷ ಒಂದು ದಿನ ವಾರ್ಡಿನಲ್ಲಿಟ್ಟು ಪದೇ ಪದೇ ನೋಡಬೇಕು. ಇನ್ಸುಲಿನ್ ಆದರೆ ಸಿರಿಂಜ್ ತರಿಸಿ ನೋಡಬೇಕು. ಒಂದು ಎಂಎಲ್‌ಗೆ 100 ಯುನಿಟ್ ಇರುವ ಇನ್ಸುಲಿನ್ನನ್ನು 40 ಯುನಿಟ್ ಲೆಕ್ಕದ ಸಿರಿಂಜಿನಲ್ಲಿ ಎಳೆದರೆ ಎರಡೂವರೆ ಪಟ್ಟು ಡೋಸ್ ಹೋಗುತ್ತದೆ. ಹಾಗಾಗಿ ನನ್ನ ಕ್ಲಾಸಿನಲ್ಲಿ ಟೀ ಬ್ರೇಕ್ ನಡುವೆಯೇ ಬರುತ್ತದೆ. ಕುಡಿದು ವಾಪಸ್ ಬಂದಾಗ ರೋಗಿ ಮತ್ತೆ ಬಿದ್ದಿರುತ್ತಾನೆ. ಆ ಹೊತ್ತಿನ ಮುಖಗಳನ್ನು ನೋಡಬೇಕು ನೀವು.

ಈ ಸಲ ಶಿವರಾತ್ರಿಯ ಮಾರನೇ ದಿನ ವಾರ್ಡಿನಲ್ಲಿ ಮಂಕಾಗಿ ಮಲಗಿದ್ದ ಅಜ್ಜಿಯನ್ನು ಒಬ್ಬ ವಿದ್ಯಾರ್ಥಿನಿ ಕೇಳಿದಳು, "ಅಜ್ಜೀ, ಉಪವಾಸ ಇದ್ರಾ? ಮಾತ್ರೆ ತಗೊಂಡ್ರಾ?"

"ಎರಡೂ ಬಿಡಲಿಲ್ಲ ಮಗಾ."

ಹುಡುಗಿ ಆಗಲೇ ಅಜ್ಜಿಯ ಕೈ ತೊಳೆಸಲು ನೀರು ಕೇಳುತ್ತಿದ್ದಳು.