ಇನ್ನೊಂದು ಹೊಲಿಗೆ ಹಾಕೋ ಮುಂಚೆ

ಆಕೆಗೆ ಆಗ 46 ವರ್ಷ. ಅರಸೀಕೆರೆ ಕಡೆಯವರು. ಮೂರು ಹೆರಿಗೆ, ಮೂರೂ ಮನೆಯಲ್ಲೇ ಆಗಿದ್ದವು. ಗರ್ಭಕೋಶ ಜಾರಿ ಹೊರಗೇ ಬಂದಿತ್ತು. ಆರು ವರ್ಷ ಬಟ್ಟೆ ಕಟ್ಟಿಕೊಂಡೇ ಹೊಲಕ್ಕೆ ಹೋಗಿದ್ದರು. ನಾನು ಕೆಳಗಿನಿಂದಲೇ, ಯೋನಿಯ ದಾರಿಯಲ್ಲೇ ಗರ್ಭಕೋಶ ತೆಗೆದೆ. ಮುಂದೆ ಮೂತ್ರಚೀಲ ಇಳಿದ ಕಡೆ, ಹಿಂದೆ ಗುದನಾಳ ಉಬ್ಬಿದ ಕಡೆ ರಿಪೇರಿ ಮಾಡಿದೆ. ಯೋನಿಯ ಹಿಂದಿನ ಗೋಡೆಗೆ ಎರಡೂ ಬದಿಯ ಸ್ನಾಯು ಎಳೆದು ಗಟ್ಟಿಯಾಗಿ ಹೊಲಿದೆ. ಮತ್ತೆ ಜಾರಬಾರದು ಅನ್ನೋದಷ್ಟೇ ತಲೆಯಲ್ಲಿತ್ತು. ಆರು ವಾರಕ್ಕೆ ಬಂದಾಗ ಗಾಯ ಒಣಗಿತ್ತು. ನನಗೂ ಖುಷಿ.

ಕೆಲವು ತಿಂಗಳ ಮೇಲೆ ಉರಿಮೂತ್ರ ಅಂತ ಮಗಳ ಜೊತೆ ಬಂದರು. ಮಗಳು ಮಾತ್ರೆ ತರಲು ಹೋದಾಗ ಮೆಲ್ಲಗೆ ಹೇಳಿದರು: "ಮೊದ್ಲು ನಾಚ್ಕೆಗೆ ಬ್ಯಾಡ ಅಂತಿದ್ದೆ ಡಾಕ್ಟ್ರಮ್ಮ. ಈಗ ನೋವಿಗೆ ಬ್ಯಾಡ ಅಂತೀನಿ."

ಪರೀಕ್ಷೆ ಮಾಡಿದೆ. ಯೋನಿಯ ಬಾಯಿಯ ಹಿಂಭಾಗದಲ್ಲಿ ಹಗ್ಗದಂಥ ಒಂದು ಏಣು. ಒಂದು ಬೆರಳಿಗೇ ಅವರು ಹಲ್ಲು ಕಚ್ಚಿದರು. ಅದು ನನ್ನದೇ ಹೊಲಿಗೆ. ಆಪರೇಷನ್‌ಗೆ ಮುಂಚೆ ಬಿಪಿ, ಶುಗರ್, ರಕ್ತ, ಇಸಿಜಿ ಎಲ್ಲಾ ಕೇಳಿದ್ದೆ. ಗಂಡನ ಜೊತೆ ಸೇರೋದು ಇದೆಯಾ ಅಂತ ಮಾತ್ರ ಕೇಳಿರಲಿಲ್ಲ.

ಈಗ ಕೇಳುತ್ತೇನೆ. ಆದರೆ ಹೇಗೆ ಕೇಳೋದು ಅನ್ನೋದೇ ದೊಡ್ಡ ಕೆಲಸ. ಜೊತೆಗೆ ಅತ್ತೆ ಇರ್ತಾರೆ, ಇಲ್ಲಾ ಮಗ ಇರ್ತಾನೆ. ಅವರನ್ನು ಸುಮ್ನೆ ಬಿಲ್ ಕೌಂಟರಿಗೆ ಕಳಿಸ್ತೀನಿ. ಆಮೇಲೆ, "ಅಮ್ಮ, ಗಂಡ ಹೆಂಡ್ತಿ ಸೇರೋದು ಇದೆಯಾ, ನಿಂತಿದೆಯಾ? ನಿಂತಿದ್ರೆ ಇದು ಹೊರಗೆ ಬರುತ್ತೆ ಅಂತಲೋ, ಬೇಡ ಅಂತಲೋ?" ಈ ಎರಡನೇ ಪ್ರಶ್ನೆ ಮುಖ್ಯ. "ಅದೆಲ್ಲಾ ಬಿಟ್ಟು ಎಷ್ಟೋ ವರ್ಷ ಆಯ್ತು" ಅನ್ನುವವರಲ್ಲಿ ಹಲವರು ಬಿಟ್ಟಿದ್ದು ನಾಚಿಕೆಯಿಂದ. ಅದು ಒಳಗೆ ಹೋದ ಮೇಲೆ ಮತ್ತೆ ಶುರುವಾಗಬಹುದು ಅಲ್ವಾ? ವಿಧವೆಯರನ್ನೂ ಕೇಳುತ್ತೇನೆ. ಉತ್ತರ ನಾನೇ ಊಹಿಸಿಕೊಳ್ಳಲ್ಲ.

ಉತ್ತರದ ಮೇಲೆ ಆಪರೇಷನ್ ಬದಲಾಗುತ್ತೆ. ಹಿಂದಿನ ಗೋಡೆ ಉಬ್ಬಿಲ್ಲದಿದ್ದರೆ ಅದನ್ನು ಮುಟ್ಟೋದೇ ಇಲ್ಲ. ಉಬ್ಬಿದ್ದರೂ ಎರಡೂ ಬದಿಯ ಲಿವೇಟರ್ ಸ್ನಾಯುವನ್ನು, ಅರಸೀಕೆರೆಯವರಿಗೆ ಮಾಡಿದ ಹಾಗೆ, ಮಧ್ಯಕ್ಕೆ ಎಳೆದು ಹೊಲಿಯಲ್ಲ. ಸೇರುವಾಗಿನ ನೋವಿಗೆ ಆ ಹೊಲಿಗೆ ಹೆಸರುವಾಸಿ. ಹೆಚ್ಚಾದ ಚರ್ಮ ಕತ್ತರಿಸುವಾಗಲೂ ಕೈ ಹಿಡಿತ. ಕೊನೆಗೆ ಎರಡು ಬೆರಳು ಸಲೀಸಾಗಿ ಹೋಗಬೇಕು. ಒಮ್ಮೆ ಜೂನಿಯರ್ ಹುಡುಗಿ, "ಮೇಡಂ, ಇನ್ನೊಂದು ಹಾಕಿದ್ರೆ ಚೆನ್ನಾಗಿ ಕೂರುತ್ತೆ" ಅಂದಳು. ಹಾಕಿದೆವು. ಬೆರಳಿಟ್ಟು ನೋಡಿದರೆ ಅಂಚು ದಾರದಂತೆ ಬಿಗಿದಿತ್ತು. ಕತ್ತರಿ ಕೇಳಿ ಬಿಚ್ಚಿದೆ. ನೋಡೋಕೆ ಅಂದವಾಗಿ ಕಾಣೋ ಹೊಲಿಗೆಯೇ ಎಷ್ಟೋ ಸಲ ಮೋಸ ಮಾಡುತ್ತೆ.

ಜಾರಿದ್ದಕ್ಕೆ ಆಸರೆಯಾಗಿ ಕೆಳಗಿನಿಂದ ಬಲೆ (ಮೆಶ್) ಹಾಕೋದನ್ನು ನಾನು ಮಾಡಲ್ಲ. ಹಾಗೆ ಹಾಕೋ ಬಲೆಯ ಮಾರಾಟವನ್ನು 2019ರಲ್ಲಿ ಅಮೆರಿಕದ ಔಷಧ, ವೈದ್ಯಕೀಯ ಸಾಧನಗಳ ನಿಯಂತ್ರಣ ಸಂಸ್ಥೆ ಎಫ್‌ಡಿಎ ನಿಲ್ಲಿಸಿತು.

ತೀರಾ ವಯಸ್ಸಾದವರಿಗೆ, ಹೃದಯದ ತೊಂದರೆ ಇರುವವರಿಗೆ ಯೋನಿಯ ದಾರಿಯನ್ನೇ ಮುಚ್ಚುವ ಲೆಫೋರ್ಟ್ ಆಪರೇಷನ್ ಇದೆ. ಬೇಗ ಮುಗಿಯುತ್ತೆ, ಮತ್ತೆ ಜಾರೋದು ಕಡಿಮೆ. ಆದರೆ ಆಮೇಲೆ ಸೇರೋಕೆ ಆಗಲ್ಲ. 74ರ ಒಬ್ಬ ಅಜ್ಜಿಯ ಪರವಾಗಿ ಮಗ "ಮಾಡಿಬಿಡಿ" ಅಂದ. ಅವನನ್ನು ಕಳಿಸಿ ಅಜ್ಜಿಯನ್ನೇ ಕೇಳಿದೆ. ಬಾಯಿಗೆ ಸೆರಗು ಮುಚ್ಚಿಕೊಂಡು ನಕ್ಕರು. "ಮುಚ್ಚವ್ವ, ಸಾಕು. ಆದ್ರೆ ಕೇಳ್ದೆ ನೋಡು ನೀನು!"

ಆಪರೇಷನ್ನೇ ಬೇಡ ಅನ್ನುವವರಿಗೆ, ಜಾರದಂತೆ ಒಳಗಿಟ್ಟುಕೊಳ್ಳೋ ಸಿಲಿಕೋನ್ ರಿಂಗ್ ಇದೆ. ಒಳಗಿದ್ದರೂ ಸೇರಬಹುದು, ಬೇಕಿದ್ದರೆ ತೆಗೆದಿಟ್ಟು ಆಮೇಲೆ ಹಾಕಿಕೊಳ್ಳಬಹುದು. ಮುಟ್ಟು ನಿಂತವರಿಗೆ ಈಸ್ಟ್ರೋಜನ್ ಕ್ರೀಮ್ ಕೊಟ್ಟರೆ ಒಣಗಿದ ಚರ್ಮ ಮೆದುವಾಗುತ್ತೆ. ಸ್ತನದ ಕ್ಯಾನ್ಸರ್ ಆಗಿದ್ದವರಿಗೆ ಮಾತ್ರ ಯೋಚಿಸಿ ಕೊಡಬೇಕು.

ಗಂಡನ ಜೊತೆಗೂ ಐದು ನಿಮಿಷ ಮಾತಾಡ್ತೀನಿ, ಆಕೆ ಒಪ್ಪಿದರೆ. ಕನಿಷ್ಠ ಆರು ವಾರ ಬೇಡ, ನಾನು ನೋಡಿ ಹೇಳಿದ ಮೇಲೇ ಅಂತೀನಿ. ಕೊಡ ಎತ್ತಿಸಬೇಡಿ ಅಂತಲೂ ಸೇರಿಸ್ತೀನಿ. ಗಂಡಸರ ಭಯ ಬೇರೆಯೇ ಇರುತ್ತೆ. "ಗರ್ಭಕೋಶ ತೆಗೆದ್ರೆ ಒಳಗೆ ಖಾಲಿ ಅಲ್ವಾ ಮೇಡಂ?" ಅಂತ ಕೇಳ್ತಾರೆ. ಕಾಗದದ ಮೇಲೆ ಚಿತ್ರ ಬರೆದು, ದಾರಿ ಇಲ್ಲೇ ಇರುತ್ತೆ, ಮೇಲಿನ ತುದಿ ಹೊಲಿದಿರುತ್ತೇವೆ ಅಂತ ತೋರಿಸಿದರೆ ಮುಖ ಸಡಿಲವಾಗುತ್ತೆ.

ಅರಸೀಕೆರೆಯವರಿಗೆ ತಪ್ಪು ನನ್ನದು ಅಂತ ಹೇಳಿದೆ. ಕ್ರೀಮ್ ಕೊಟ್ಟೆ, ಬೆರಳಿನಿಂದ ನಿಧಾನಕ್ಕೆ ಹಿಗ್ಗಿಸೋದು ಕಲಿಸಿದೆ. ಮೂರು ತಿಂಗಳಾದರೂ ಏಣು ಸಡಿಲಾಗಲಿಲ್ಲ. ಸಣ್ಣ ಆಪರೇಷನ್ ಮಾಡಿ ಬಿಡಿಸಿದೆ, ಅದಕ್ಕೆ ದುಡ್ಡು ತಗೊಳ್ಳಲಿಲ್ಲ. ಕೊನೇ ಸಲ ಬಂದಾಗ ಕೇಳಿದೆ. "ಎಡಗಡೆ ಒಂಚೂರು ಹಿಡ್ಕಂಡಂಗಾಯ್ತದೆ. ಮುಂಚಿನಷ್ಟಿಲ್ಲ" ಅಂದರು. ಬಾಗಿಲ ಹತ್ತಿರ ಹೋದವರು ತಿರುಗಿ, "ನಮ್ಮೋರಿಗೂ ಹೇಳಿದೀನಿ, ನಿಧಾನಕ್ಕೆ ಅಂತ" ಅಂದು ಹೊರಟರು.