ಮಡಿಕೇರಿ ಮಳೆಯಲ್ಲಿ ಜೆಟ್‌ಗೆ ಲ್ಯಾಕರ್: ನನ್ನ ಅನುಭವ

1965ರ ಯುದ್ಧದಲ್ಲಿ ನಮ್ಮ ಕೊಡಗಿನ ಸ್ಕ್ವಾಡ್ರನ್ ಲೀಡರ್ ಅಜ್ಜಮಾಡ ದೇವಯ್ಯ ಹಾರಿಸಿದ್ದು ಮಿಸ್ಟೇರ್ ಜೆಟ್. ಅದರ ಐದನೇ ಒಂದು ಅಳತೆಯ ಆರ್‌ಸಿ (ರಿಮೋಟ್‌ನಿಂದ ಹಾರಿಸುವ) ಮಾದರಿ ಕಟ್ಟುತ್ತಿದ್ದೇನೆ. ರೆಕ್ಕೆಯ ಈ ತುದಿಯಿಂದ ಆ ತುದಿಗೆ ಸುಮಾರು 2.2 ಮೀಟರ್. ಪ್ಯಾನೆಲ್ ಗೆರೆ, ಸಿರಿಂಜ್ ಸೂಜಿಯಿಂದ ಇಟ್ಟ ಫೆವಿಕಾಲ್ ಚುಕ್ಕೆಯ ರಿವೆಟ್, ಬಣ್ಣ, ಎಲ್ಲ ಮುಗಿದಿತ್ತು. ಮೇಲೆ ಕ್ಲಿಯರ್ ಲ್ಯಾಕರ್, ಅಂದರೆ ಬಣ್ಣ ಕಾಯುವ ಪಾರದರ್ಶಕ ಪದರ, ಹೊಡೆದೆ ನೋಡಿ, ಕಣ್ಣೆದುರೇ ಹಾಲು ಚೆಲ್ಲಿದ ಹಾಗೆ ಬೆಳ್ಳಗಾಯಿತು.

ಲ್ಯಾಕರನ್ನು ತೆಳುವಾಗಿಸುವ ಥಿನ್ನರ್ ಬೇಗ ಆರುವಾಗ ಮೇಲ್ಮೈ ತಣ್ಣಗಾಗುತ್ತದೆ; ಗಾಳಿಯ ತೇವ ನೀರಾಗಿ ಪದರದೊಳಗೇ ಸಿಕ್ಕಿಕೊಳ್ಳುತ್ತದೆ. ಮಡಿಕೇರಿಯ ಜುಲೈ ಅಂದರೆ ಕೇಳಬೇಕೆ, ಬೀರುವಿನಲ್ಲಿಟ್ಟ ಬೆಲ್ಟಿಗೂ ಬೂಷ್ಟು.

ಉಜ್ಜಿದರೆ ರಿವೆಟ್‌ಗಳೂ ಹೋಗುತ್ತವೆ. ಗೋಣಿಕೊಪ್ಪದಲ್ಲಿ ಕಾರಿಗೆ ಪೇಂಟ್ ಮಾಡುವ ಹುಡುಗ, "ಉಜ್ಜಬೇಡಿ ಅಣ್ಣ, ರಿಟಾರ್ಡರ್ ಹೊಡೀರಿ" ಅಂದ. ಅದು ನಿಧಾನಕ್ಕೆ ಆರುವ ಥಿನ್ನರ್. ಕೋಣೆ ಮುಚ್ಚಿ, ಗಾಳಿಯ ತೇವ ಹೀರುವ ಡಿಹ್ಯೂಮಿಡಿಫೈಯರ್ ಹಾಕಿ, ತೇವಾಂಶ ಶೇ. 60ಕ್ಕೆ ಇಳಿದ ಮೇಲೆ ಬರೀ ರಿಟಾರ್ಡರನ್ನೇ ತೀರಾ ತೆಳುವಾಗಿ ಹೊಡೆದೆ. ಪದರ ಮತ್ತೆ ಮೆತ್ತಗಾಗಿ, ಒಳಗಿನ ತೇವ ಹೊರಬಿದ್ದು, ಬಿಳುಪು ಅಂಚಿನಿಂದ ಕರಗುತ್ತಾ ಬಂತು. ರಿವೆಟ್‌ಗಳ ಬುಡದಲ್ಲಿ ಮಾತ್ರ ಸಣ್ಣ ಬಿಳಿ ಉಂಗುರ ಉಳಿದಿತ್ತು. ಇನ್ನೊಂದು ಕೈ ಹೊಡೆದಾಗ ಅದೂ ಹೋಯಿತು. ಜಾಸ್ತಿ ಸುರಿದರೆ ಅಡಿಯ ಬಣ್ಣವೇ ಇಳಿಯುತ್ತದೆ, ಹುಷಾರು.

ಸ್ಪ್ರೇ ಹಿಡಿಯುವ ಮುಂಚೆ ಹೀಟರ್, ಡಿಹ್ಯೂಮಿಡಿಫೈಯರ್ ಎರಡನ್ನೂ ಆರಿಸಿ, ಮಾಸ್ಕ್ ಹಾಕಿ. ಥಿನ್ನರ್ ಆವಿಗೆ ಒಂದು ಕಿಡಿ ಸಾಕು. ಬೆಚ್ಚಗಿರಲಿ ಅಂತ ಒಲೆ ಪಕ್ಕ ಸ್ಪ್ರೇ ಮಾಡುವುದು ಶುದ್ಧ ಹುಚ್ಚು.

ಸೀಮೆಎಣ್ಣೆಯಲ್ಲಿ ಓಡುವ ಪುಟ್ಟ ಟರ್ಬೈನ್ ಎಂಜಿನ್ ಕೂರುವ ಬಾಲದ ಭಾಗಕ್ಕೆ ಆ ಎಣ್ಣೆ ತಾಳುವ ಟೂ-ಕೆ ಕ್ಲಿಯರ್ (ಹಾರ್ಡನರ್ ಬೆರೆಸಿ ಹೊಡೆಯುವ ಲ್ಯಾಕರ್) ಬೇಕು. ಅದನ್ನು ಮಳೆ ನಿಂತ ಮೇಲೆಯೇ ಹೊಡೆಯುತ್ತೇನೆ.