ಔಷಧ ಅಂಗಡಿಗೆ ಎಐ: ಮೊದಲು ದಾಸ್ತಾನು ತಿದ್ದಿಕೊಳ್ಳಿ

ಮುಂಬೈ ಪ್ರದೇಶದ ಡೊಂಬಿವಲಿ, ಮುಲುಂಡ್ ಕಡೆಯ ನಮ್ಮವರ ಔಷಧ ಅಂಗಡಿಗಳಲ್ಲಿ, ಲೋಕಲ್ ರೈಲು ಇಳಿದು ಬಂದವರೆಲ್ಲ ಒಮ್ಮೆಗೇ ಕೌಂಟರಿಗೆ ಮುತ್ತುವ ಸಂಜೆಯ ಒತ್ತಡ ತಾಳಲಾರದೆ ಎಐ ಇರುವ ತಂತ್ರಾಂಶ ಹಾಕಿಸಿಕೊಂಡು, ಮೂರೇ ತಿಂಗಳಲ್ಲಿ ಮತ್ತೆ ನೋಟ್‌ಬುಕ್ ಹಿಡಿದವರನ್ನು ನಾನು ಕಂಡಿದ್ದೇನೆ. ಎಡವಟ್ಟಾಗುವುದು ಬಹುತೇಕ ದಾಸ್ತಾನು ನಮೂದಿಸುವಾಗಲೇ.

ತಂತ್ರಾಂಶ ಅಳವಡಿಸುವುದು ಮೊದಲ ಹೆಜ್ಜೆ. ಅದನ್ನು ಮಾರುವವರೇ ಮಾಡಿಕೊಡುತ್ತಾರೆ.

ಎರಡನೆಯ ಹೆಜ್ಜೆಗೆ ಒಂದು ಭಾನುವಾರ ಬಾಗಿಲು ಹಾಕಿ ಕೂರಬೇಕು. ಪ್ರತಿ ಔಷಧವನ್ನೂ ಬ್ಯಾಚ್‌ವಾರು ಎಣಿಸಿ, ಸ್ಟ್ರಿಪ್‌ಗಳಲ್ಲಲ್ಲ, ಮಾತ್ರೆಗಳಲ್ಲಿ ನಮೂದಿಸಿ. ಹತ್ತರ ಸ್ಟ್ರಿಪ್ಪೂ ಹದಿನೈದರದ್ದೂ ಒಂದೇ ಲೆಕ್ಕಕ್ಕೆ ಬಿದ್ದರೆ ಅರ್ಧ ಸ್ಟ್ರಿಪ್ ಮಾರಿದ ದಿನವೇ ಲೆಕ್ಕ ಕೆಡುತ್ತದೆ. ಹತ್ತಕ್ಕೆ ಒಂದು ಉಚಿತವೆಂದು ಬಂದ ಮಾಲನ್ನೂ ಬಿಡಬೇಡಿ. ಅವಧಿ ಮುಗಿಯುವುದು 06/2026 ಎಂದಿದ್ದರೆ ಅದು ಜೂನ್ 30ರವರೆಗೆ ಎಂದರ್ಥ, ಜೂನ್ 1 ಅಲ್ಲ. 2023ರ ಆಗಸ್ಟ್ 1ರಿಂದ 300 ಬ್ರ್ಯಾಂಡ್‌ಗಳಿಗೆ ಕ್ಯೂಆರ್ ಕೋಡ್ ಕಡ್ಡಾಯವಾಗಿರುವುದರಿಂದ ಅವುಗಳ ಬ್ಯಾಚ್ ಮತ್ತು ಅವಧಿಯನ್ನು ಸ್ಕ್ಯಾನ್ ಮಾಡಿ ತುಂಬಬಹುದು. ಬೆಲೆಯನ್ನು ಮಾತ್ರ ಕೈಯಿಂದಲೇ ಹಾಕಬೇಕು. ಗೆರೆಕೋಡ್ (ಬಾರ್‌ಕೋಡ್) ಮಾತ್ರ ಓದುವ ಅಗ್ಗದ ಸ್ಕ್ಯಾನರ್ ಈ ಕೆಲಸಕ್ಕೆ ಬಾರದು, ದಯವಿಟ್ಟು ಕೊಳ್ಳಬೇಡಿ.

ಮೂರನೆಯದು ಬೇಡಿಕೆಯ ಅಂದಾಜು. ಮಾಲು ಮುಗಿದಿದ್ದ ದಿನಗಳನ್ನು ‘ದಾಸ್ತಾನಿಲ್ಲ’ ಎಂದು ಗುರುತಿಸದಿದ್ದರೆ ಯಂತ್ರವು ಆ ದಿನ ಗಿರಾಕಿಯೇ ಬರಲಿಲ್ಲವೆಂದು ತಿಳಿದು ಮುಂದಿನ ಬಾರಿ ಇನ್ನೂ ಕಡಿಮೆ ತರಿಸುತ್ತದೆ. ಮಳೆನೀರಲ್ಲಿ ನಡೆದು ಬಂದವರಿಗೆ ಇಲಿಜ್ವರದ ಭಯದಿಂದ ವೈದ್ಯರು ಡಾಕ್ಸಿಸೈಕ್ಲಿನ್ ಬರೆಯುವ ಜುಲೈಯಲ್ಲಿ ಈ ತಪ್ಪು ದುಬಾರಿಯಾಗುತ್ತದೆ. ಕನಿಷ್ಠ ಒಂದು ವರ್ಷದ ಮಾರಾಟದ ಲೆಕ್ಕ ಸೇರುವವರೆಗೆ ಆರ್ಡರನ್ನು ಯಂತ್ರವೇ ಕಳುಹಿಸುವ ಸೌಲಭ್ಯವನ್ನು ಮುಚ್ಚಿಡಿ. ಅದು ಕೊಡುವ ಪಟ್ಟಿಯನ್ನು ನೀವೇ ನೋಡಿ ಒಪ್ಪಿ.

ವೈದ್ಯರ ಕೈಬರಹ ಓದುವ ಎಐ ಬಗ್ಗೆ ನನಗೆ ಉತ್ಸಾಹ ಕಡಿಮೆ. ಸಕ್ಕರೆ ಕಾಯಿಲೆಯ ಮೆಟ್‌ಫಾರ್ಮಿನ್ ಮತ್ತು ಸೋಂಕಿಗೆ ಕೊಡುವ ಮೆಟ್ರೊನಿಡಜೋಲ್ ಅವಸರದ ಬರಹದಲ್ಲಿ ಒಂದೇ ರೀತಿ ಕಾಣಬಲ್ಲವು. ಎಐ ಓದಿದ್ದನ್ನು ವೈದ್ಯರ ಚೀಟಿಯೊಡನೆ ಫಾರ್ಮಸಿಸ್ಟ್ ತಾಳೆ ನೋಡದೆ ಬಿಲ್ ಆಗದಂತೆ ತಂತ್ರಾಂಶದಲ್ಲೇ ತಡೆ ಹಾಕಿಸಿ. ಮತ್ತೆ ಮತ್ತೆ ಕೈಯಲ್ಲಿ ಬರೆಯುವ ಎಚ್1 (ಕೆಲವು ಆ್ಯಂಟಿಬಯಾಟಿಕ್‌ಗಳಂಥ, ಹೆಚ್ಚು ನಿಗಾ ಬೇಕಾದ ಔಷಧಗಳ ಸರ್ಕಾರಿ ಪಟ್ಟಿ) ರಿಜಿಸ್ಟರನ್ನು, ಅಂದರೆ ವೈದ್ಯರ ಹೆಸರು, ರೋಗಿಯ ಹೆಸರು, ಔಷಧ, ಪ್ರಮಾಣ ಇವನ್ನು, ಯಂತ್ರಕ್ಕೆ ಧಾರಾಳವಾಗಿ ಬಿಡಬಹುದು. ಆದರೆ ಆ ದಾಖಲೆಯನ್ನು 3 ವರ್ಷ ಕಾಪಿಡಬೇಕಾದ್ದರಿಂದ, ವಾರಕ್ಕೊಮ್ಮೆ ಅದರ ಪ್ರತಿಯನ್ನು ಬೇರೊಂದು ಡಿಸ್ಕ್‌ಗೆ ಇಳಿಸಿ ಮನೆಯಲ್ಲಿಡಿ.